ಹನ್ನೆರಡು ಕಾಯಿ ಸುಲಿಯುವಷ್ಟು ಹೊತ್ತು

ಆ ಫೋಟೊವನ್ನು ನಾನು ಮೊದಲು ನೋಡಿದ್ದು ಒಂದು ಸೋಮವಾರ, ಮೊರದಲ್ಲಿ ಅಕ್ಕಿ ಆರಿಸುತ್ತ ಕೂತಿದ್ದಾಗ. ಯಜಮಾನಿಯ ಅಕ್ಕನ ಮಗ ತುಮಕೂರಿನಿಂದ ಬಂದಿದ್ದ. ದಬ್ಬೇಘಟ್ಟದ ಹತ್ತಿರದ ಈ ತೋಟದ ಮನೆಗೆ ಅತಿಥಿಗಳನ್ನು ಗೊತ್ತು ಮಾಡುವುದು, ಇಂಟರ್‌ನೆಟ್ಟಿನಲ್ಲಿ ಅದರ ಚಿತ್ರ ಹಾಕುವುದು ಅವನ ಕೆಲಸ. ಅವನು ಮೊಬೈಲನ್ನು ನನ್ನ ಮೊರದ ಮೇಲೆ ಹಿಡಿದು, "ಇದನ್ನ ಮಾಡೋಕೆ ಬರುತ್ತಾ ನಿಮಗೆ?" ಎಂದ. ಬಿಳಿ ತಟ್ಟೆಯಲ್ಲಿ ಒಂದರ ಮೇಲೊಂದು ಕೂತ ಐದು ದಪ್ಪ ಬಿಲ್ಲೆಗಳು. ಹೊಂಬಣ್ಣದವು, ನೋಡಿದರೆ ಕೈಯಲ್ಲಿ ಒತ್ತಬೇಕು ಅನಿಸುವಷ್ಟು ಮೆತ್ತಗೆ. ಒಂದನ್ನು ಅರ್ಧಕ್ಕೆ ಮುರಿದು ಒಳಗಿನ ಹಣ್ಣು ತೋರಿಸಿದ್ದರು. ಮೇಲಿಂದ ಜೇನಿನಂಥ ಪಾಕ ಇಳಿದು ತಟ್ಟೆಯ ಅಂಚಿನಲ್ಲಿ ನಿಂತಿತ್ತು.

"ಪ್ಯಾನ್‌ಕೇಕ್ ಅಂತಾರೆ. ನಮ್ಮ ಪೇಜಲ್ಲಿ ಹಾಕಿದ್ದೆ. ಭಾನುವಾರ ಬೆಳಿಗ್ಗೆ ಹನ್ನೊಂದು ಜನ ಬರ್ತಾರೆ, ತಿಂಡಿಗೆ ಇದೇ ಬೇಕು ಅಂದಿದ್ದಾರೆ," ಎಂದ.

ನಾವು ಒಂದು ದಿನವೂ ಮಾಡದ ತಿಂಡಿಯ ಚಿತ್ರ ಹಾಕಿ, ಜನ ಒಪ್ಪಿಕೊಂಡ ಮೇಲೆ ಮಾಡೋಕೆ ಬರುತ್ತಾ ಎಂದು ಕೇಳುವ ಅವನ ಧೈರ್ಯಕ್ಕೆ ಏನು ಹೇಳಲಿ? ಆದರೆ ನನ್ನ ಧೈರ್ಯ ಅದಕ್ಕಿಂತ ದೊಡ್ಡದಾಗಿತ್ತು. ಆ ಬಿಲ್ಲೆಗಳನ್ನೇ ನೋಡುತ್ತ ನೋಡುತ್ತ ನನ್ನ ಬಾಯಿಂದ "ಬರುತ್ತೆ" ಎಂದು ಹೊರಟುಹೋಯಿತು. ಬರುತ್ತಿರಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಪಡಸಾಲೆಯಿಂದ ಅವನ ಮಾತು ಕೇಳಿಸಿತು. "ಚಿಕ್ಕಮ್ಮ, ಮೈಸೂರಲ್ಲಿ ಒಬ್ಬ ಚೆಫ್ ಖಾಲಿ ಇದ್ದಾನೆ. ಭಾನುವಾರ ಇವರ ಕೈಲಿ ಆಗ್ಲಿಲ್ಲ ಅಂದ್ರೆ ಸೋಮವಾರದಿಂದ ಅವನನ್ನೇ ಕರೆಸೋಣ. ಅಡುಗೆಮನೆ ಪೂರ್ತಿ ಅವನೇ ನೋಡ್ಕೋತಾನೆ."

"ನೋಡಾನ ಬುಡು, ಭಾನುವಾರ ಆಗ್ಲಿ," ಎಂದರು ಯಜಮಾನಿ. ಅವರು ಯಾವುದಕ್ಕೂ ಬೇಗ ಹೂಂ ಅನ್ನುವವರಲ್ಲ, ಊಹೂಂ ಅನ್ನುವವರೂ ಅಲ್ಲ. ತೋಟ, ಆಳು, ಅಟ್ಟದ ಮೇಲಿನ ಕೊಬ್ಬರಿ, ಅತಿಥಿಗಳ ಕೋಣೆ, ಎಲ್ಲವನ್ನೂ ಒಬ್ಬರೇ ನಡೆಸುವ ಹೆಂಗಸು. ಹಗಲು ಹೊತ್ತಿನಲ್ಲಿ ಅವರು ಕೂತಿದ್ದನ್ನು ನಾನು ಕಂಡಿರಲಿಲ್ಲ.

ಈ ಅಡುಗೆಮನೆಗೆ ಬರುವ ಮುಂಚೆ ಹದಿನಾಲ್ಕು ವರ್ಷ ನಾನು ತುರುವೇಕೆರೆ ಬಸ್‌ಸ್ಟ್ಯಾಂಡ್ ಪಕ್ಕದ ಒಂದು ಹೋಟೆಲಿನಲ್ಲಿ ದೋಸೆ ಹುಯ್ಯುತ್ತಿದ್ದೆ. ಅಲ್ಲಿ ಕಾವಲಿಯ ಎದುರಿಗೆ ಒಂದು ಗೋಡೆ, ಹೊಗೆಗೆ ಕಪ್ಪಾಗಿ ಎಣ್ಣೆ ಜಿಡ್ಡು ಹಿಡಿದ ಗೋಡೆ. ನಾನು ಹುಟ್ಟಿನಿಂದಲೇ ಎಲ್ಲೋ ಕಳೆದುಹೋಗುವವಳು. ಆ ಗೋಡೆಯನ್ನೇ ನೋಡುತ್ತ ಅದರಲ್ಲಿ ಕೆರೆ, ಏರಿ, ಮೋಡ ಎಲ್ಲ ಕಂಡುಕೊಂಡು ನಿಂತುಬಿಡುತ್ತಿದ್ದೆ. "ಮೈ ಇಲ್ಲೈತೆ, ಮನಸ್ಸು ಎಲ್ಲಿಗೋಯ್ತು?" ಎಂದು ಹೋಟೆಲಿನವರು ಕೂಗಿದಾಗಲೇ ಎಚ್ಚರ. ಕಳೆದ ವರ್ಷ ಇಲ್ಲಿಗೆ ಬಂದೆ. ಇಲ್ಲಿ ಒಲೆಯಿಂದ ಮೂರು ಹೆಜ್ಜೆಗೆ ಪೂರ್ವದ ಕಿಟಕಿ. ಸರಳುಗಳಾಚೆ ಅಂಗಳ, ಅಂಗಳದಾಚೆ ತೆಂಗಿನ ಸಾಲು, ಸಾಲಿನ ಕೊನೆಯಲ್ಲಿ ಕಾಲುವೆ ನೀರಿನ ಗದ್ದೆ. ಬೆಳಗಿನ ಏಳು ಗಂಟೆಗೆ ಗರಿಗಳ ನಡುವಿಂದ ಬಿಸಿಲು ಪಟ್ಟೆ ಪಟ್ಟೆಯಾಗಿ ಇಳಿದು, ಗಾಳಿ ಬೀಸಿದಾಗೆಲ್ಲ ಅಂಗಳದಲ್ಲಿ ಅತ್ತಿತ್ತ ಓಡಾಡುತ್ತದೆ. ಕಾಫಿ ಲೋಟ ಹಿಡಿದು ಅದನ್ನು ನೋಡುತ್ತ ನಿಲ್ಲುವ ಹತ್ತು ನಿಮಿಷ ನನ್ನದು. ಚೆಫ್ ಬಂದರೆ ನಾನು ಮತ್ತೆ ಆ ಗೋಡೆಯ ಮುಂದೆ ಹೋಗಿ ನಿಲ್ಲಬೇಕು. ನಾಚಿಕೆ ಬಿಟ್ಟು ಹೇಳುತ್ತೇನೆ, ನಾನು ಪ್ಯಾನ್‌ಕೇಕ್ ಕಲಿತದ್ದು ಆ ಕಿಟಕಿಯನ್ನು ಉಳಿಸಿಕೊಳ್ಳುವುದಕ್ಕೆ.

ಸೋಮವಾರ ಮಧ್ಯಾಹ್ನವೇ ಶುರು ಮಾಡಿದೆ. ಮೊಬೈಲಿನಲ್ಲಿ ನೋಡಿದ ವಿಡಿಯೊಗಳಲ್ಲೆಲ್ಲ ಮೊಟ್ಟೆ ಒಡೆಯುತ್ತಿದ್ದರು, ಬಿಳಿಯನ್ನು ಬೇರೆ ಮಾಡಿ ನೊರೆ ಬರಿಸುತ್ತಿದ್ದರು. ಯಜಮಾನಿಯ ಮನೆಯಲ್ಲಿ ಮೊಟ್ಟೆ ಹೊಸಿಲು ದಾಟುವಂತಿಲ್ಲ. ಹಾಗಾಗಿ ಮೈದಾ, ಹಾಲು, ಸಕ್ಕರೆ, ಚಿಟಿಕೆ ಉಪ್ಪು, ಅಡುಗೆ ಸೋಡ, ಒಂದು ಸೌಟು ಮಜ್ಜಿಗೆ ಇಷ್ಟನ್ನು ಬೆರೆಸಿದೆ. ಗಂಟು ಉಳಿಯದಂತೆ ಚೆನ್ನಾಗಿ ಕಡೆದೆ. ಕಾವಲಿ ಕಾಯಿಸಿ, ನೀರು ಚಿಮುಕಿಸಿ, ಒಂದು ಸೌಟು ಹಿಟ್ಟು ಬಿಟ್ಟೆ. ಬಿಟ್ಟದ್ದಷ್ಟೇ ಗೊತ್ತು. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ನನ್ನ ಕೈ ಸೌಟಿನ ತಳವನ್ನು ನಡುವಿನಿಂದ ಸುತ್ತಿ ಸುತ್ತಿ ಹಿಟ್ಟನ್ನು ಕಾವಲಿಯ ಅಂಚಿನವರೆಗೆ ಹರಡಿಬಿಟ್ಟಿತ್ತು. ಎರಡನೆಯದಕ್ಕೂ ಅದೇ, ಮೂರನೆಯದಕ್ಕೂ ಅದೇ. ಹದಿನಾಲ್ಕು ವರ್ಷ ಅದೊಂದನ್ನೇ ಮಾಡಿದ ಕೈ ನನ್ನನ್ನು ಕೇಳುವುದೇ ಇಲ್ಲ.

ಯಜಮಾನಿ ಬಂದು ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡರು. "ಇದು ದೋಸೆ ಕಣೇ. ಸಕ್ಕರೆ ಹಾಕಿದ್ದೀಯ, ಅಷ್ಟೇಯ," ಎಂದು ನಿಂತಲ್ಲಿಂದಲೇ ಹೊರಟುಹೋದರು.

ಮಂಗಳವಾರ ಗಟ್ಟಿ ಹಿಟ್ಟು ಕಲೆಸಿದೆ, ಹರಡಲು ಆಗದಷ್ಟು ಗಟ್ಟಿ. ಹರಡಲಿಲ್ಲ, ನಿಜ. ಆದರೆ ಬೆಂದ ಮೇಲೆ ಹವಾಯಿ ಚಪ್ಪಲಿಯ ಹಾಗೆ ಎಳೆದರೆ ಎಳೆಯುತ್ತಿತ್ತು. ಆಮೇಲೆ ಗೊತ್ತಾಯಿತು, ಮೈದಾವನ್ನು ಕಡೆದಷ್ಟೂ ಅದು ಜಿಗುಟಾಗುತ್ತದೆ. ದೋಸೆ ಹಿಟ್ಟನ್ನು ಕೈ ಹಾಕಿ ಕದಡಿ ಒಂದು ಮಾಡಿ ಅಭ್ಯಾಸವಾದವಳಿಗೆ ಗಂಟು ಅಂದರೆ ಅವಮಾನ. ಇಲ್ಲಿ ಗಂಟುಗಳನ್ನು ಹಾಗೇ ಬಿಟ್ಟು ಕೈ ತೆಗೆಯಬೇಕು. ಸೋಡ ಜಾಸ್ತಿ ಹಾಕಿ ನೋಡಿದೆ. ಉಬ್ಬಿತು, ಆದರೆ ಅಲ್ಲಲ್ಲಿ ಹಳದಿ ಮಚ್ಚೆ, ನಾಲಿಗೆಗೆ ಸೋಪಿನ ರುಚಿ. ಕೆಟ್ಟುಹೋದವನ್ನೆಲ್ಲ ಸಂಜೆ ಬಸ್ಸಿನಲ್ಲಿ ಮನೆಗೆ ಒಯ್ಯುತ್ತಿದ್ದೆ. ನನ್ನ ಗಂಡ ಅವನ್ನು ಬಾಯಿಮುಚ್ಚಿಕೊಂಡು ತಿಂದ. ಮೂರನೆಯ ಸಂಜೆ ಮಾತ್ರ, "ಇವತ್ತಿಂದಕ್ಕೆ ಏನು ಹೆಸ್ರು?" ಎಂದು ಕೇಳಿದ.

ಪಾಕದ ಕಥೆ ಬೇರೆಯೇ. ಫೋಟೊದಲ್ಲಿದ್ದ ಪಾಕ ಯಾವುದೋ ಮರದ ರಸವಂತೆ, ಸೀಸೆಯಲ್ಲಿ ಬರುತ್ತದಂತೆ. ಆ ವಾರ ಮನೆಯಲ್ಲಿ ಎಣ್ಣೆಗೆಂದು ತೆಂಗಿನಕಾಯಿ ಒಡೆಯುತ್ತಿದ್ದರು. ಬಲಿತ ಕಾಯಿಯ ನೀರೆಲ್ಲ ಹರಿದು ಬಚ್ಚಲ ಮೋರಿ ಸೇರುತ್ತಿತ್ತು. ಅದು ಸಿಹಿ ನೀರು. ಕಾಯಿಸಿ ಇಂಗಿಸಿದರೆ ಅದೇ ಪಾಕವಾಗಬೇಕಲ್ಲ ಎಂದುಕೊಂಡು ಒಂದು ದೊಡ್ಡ ಪಾತ್ರೆ ತುಂಬ ಹಿಡಿದೆ, ಶೋಧಿಸಿ ಒಲೆಗಿಟ್ಟೆ. ಬೂದುಬಣ್ಣದ ನೊರೆ ಎದ್ದಿತು, ತೆಗೆದೆ. ಮತ್ತೆ ಎದ್ದಿತು, ತೆಗೆದೆ. ಕಾಯಿನೀರಿನ ಹಬೆಗೆ ಒಂದು ವಾಸನೆಯಿದೆ, ಹಸುಗೂಸಿನ ತಲೆಯ ವಾಸನೆಯಂಥದು. ಆ ಹಬೆಯಲ್ಲಿ ಮುಖವಿಟ್ಟು ಕಿಟಕಿಯಾಚೆ ನೋಡುತ್ತ ನಾನು ಎಲ್ಲಿದ್ದೇನೆಂಬುದನ್ನೇ ಮರೆತೆ. ಎಚ್ಚರವಾದಾಗ ಪಾತ್ರೆಯ ತಳದಲ್ಲಿ ಎರಡು ಲೋಟದಷ್ಟು ಕಂದು ರಸ ಉಳಿದಿತ್ತು. ಬೆರಳಿಗೆ ಹಚ್ಚಿ ನೆಕ್ಕಿದರೆ ಉಪ್ಪು. ಯಾರೂ ಉಪ್ಪು ಹಾಕಿರಲಿಲ್ಲ, ಕಾಯಿನೀರಿನೊಳಗೇ ಅಷ್ಟು ಉಪ್ಪು ಇತ್ತು! ಇಂಗಿದಷ್ಟೂ ಅದು ಮೇಲೆ ಬಂದಿತ್ತು.

ಬುಧವಾರ ದಾರಿ ಸಿಕ್ಕಿತು. ನೀರನ್ನು ಪೂರ್ತಿ ಇಂಗಿಸದೆ ಕಾಲುಭಾಗ ಉಳಿದಾಗ ಬೆಲ್ಲ ಹಾಕುವುದು. ಬೆಲ್ಲ ಕರಗಿದ ಮೇಲೆ ಮತ್ತೊಮ್ಮೆ ಶೋಧಿಸಿ, ನಾಲ್ಕು ಹನಿ ನಿಂಬೆರಸ ಬಿಡುವುದು, ಆರಿದ ಮೇಲೆ ಹರಳುಗಟ್ಟದಿರಲಿ ಎಂದು. ಎರಡು ಬೆರಳ ನಡುವೆ ಎಳೆ ಬರುವುದಕ್ಕೆ ಸ್ವಲ್ಪ ಮುಂಚೆ, ಬರೀ ಅಂಟಂಟು ಇರುವಾಗಲೇ ಇಳಿಸುವುದು. ಎಳೆ ಬಂದ ಮೇಲೆ ಇಳಿಸಿದರೆ ತಟ್ಟೆಗೆ ಬರುವಷ್ಟರಲ್ಲಿ ಅದು ಚಿಕ್ಕಿಯ ಪಾಕವಾಗಿರುತ್ತದೆ. ಕಡೆಗೆ ಏಲಕ್ಕಿ. ಕಾಯಿನೀರಿನ ಸಣ್ಣ ಉಪ್ಪು ಬೆಲ್ಲದ ಹಿಂದೆ ನಿಂತು ಸಿಹಿಯನ್ನು ಹದವಾಗಿಟ್ಟಿತು. ಯಜಮಾನಿ ಚಮಚ ನೆಕ್ಕಿದರು. ಎರಡನೇ ಸಲ ಚಮಚ ಅದ್ದಿದರು. ನನಗೆ ಅಷ್ಟು ಸಾಕಾಗಿತ್ತು.

ಉಬ್ಬುವ ಗುಟ್ಟು ಸಿಕ್ಕಿದ್ದೂ ನನ್ನ ಮರೆವಿನಿಂದಲೇ. ಬುಧವಾರದ ಪಾಕಕ್ಕೆ ಹಿಡಿದ ಕಾಯಿನೀರಿನಲ್ಲಿ ಒಂದು ಚೊಂಬು ಕಟ್ಟೆಯ ಮೂಲೆಯಲ್ಲಿ ಉಳಿದುಹೋಗಿತ್ತು. ಗುರುವಾರ ಬೆಳಿಗ್ಗೆ ನೋಡಿದರೆ ಮೇಲೆಲ್ಲ ಸಣ್ಣ ಗುಳ್ಳೆ, ಕಿವಿ ಹತ್ತಿರ ಇಟ್ಟರೆ ಸುರ್ ಎನ್ನುವ ಸದ್ದು. ಹುಳಿ ಬಂದಿತ್ತು. ಚೆಲ್ಲಲು ಮೋರಿಯವರೆಗೆ ಹೋದವಳು ಅಲ್ಲೇ ನಿಂತೆ. ಇಡ್ಲಿ ಹಿಟ್ಟು ಹುಳಿ ಬಂದರೆ ತಾನೇ ಉಬ್ಬುವುದು, ಮತ್ತೆ ಈ ಹುಳಿಯನ್ನೇಕೆ ಚೆಲ್ಲಬೇಕು? ಮೈದಾಕ್ಕೆ ಒಂದು ಹಿಡಿ ಚಿರೋಟಿ ರವೆ ಸೇರಿಸಿ, ಒಂದು ಚಮಚ ಸಕ್ಕರೆ ಹಾಕಿ, ಆ ನೀರಿನಲ್ಲೇ ಗಂಟು ಗಂಟಾಗಿ ಕಲೆಸಿ ಮುಚ್ಚಿಟ್ಟೆ. ಸಂಜೆಗೆ ಅದು ಪಾತ್ರೆಯ ಕಂಠದವರೆಗೆ ಏರಿ, ಮುಚ್ಚಳಕ್ಕೆ ಹಣೆ ತಾಗಿಸಿ ನಿಂತಿತ್ತು. ನನಗೆ ಕುಣಿಯುವಷ್ಟು ಸಂತೋಷವಾಯಿತು. ಕಲಕಿದರೆ ಉಬ್ಬು ಇಳಿಯುತ್ತದೆಂದು ಪಾತ್ರೆಯ ಬದಿಯಿಂದ ಮೆಲ್ಲಗೆ ಸೌಟಿನಲ್ಲಿ ತೋಡಿ ಕಾವಲಿಗೆ ಬಿಟ್ಟೆ.

ಬಿಟ್ಟೆ, ಮತ್ತೆ ಕೈ ತಿರುಗಿತು. ಒಳಗಿದ್ದ ಗಾಳಿಯೆಲ್ಲ ಪುಸ್ ಎಂದು ಹೋಯಿತು. ಅವತ್ತು ನಾನು ಅತ್ತೆ. ಹಿಟ್ಟು ಬಂತು, ಪಾಕ ಬಂತು, ನನ್ನ ಕೈಯೇ ನನಗೆ ಬರಲಿಲ್ಲ ಎಂದು ಅತ್ತೆ.

ಶುಕ್ರವಾರ ಹಣ್ಣಿನ ಕೆಲಸ. ಹಲಸಿನ ಕಾಲ. ಹಸಿ ತೊಳೆಯನ್ನು ಹಾಗೇ ಹೆಚ್ಚಿ ಹಾಕಿದರೆ ರಸ ಬಿಟ್ಟು ಬಿಲ್ಲೆಯ ನಡುವೆ ತೂತು ಬೀಳುತ್ತಿತ್ತು. ಅದಕ್ಕೆ ಸಣ್ಣಗೆ ಹೆಚ್ಚಿ, ತುಪ್ಪದಲ್ಲಿ ನೀರಾರುವ ತನಕ ಬಾಡಿಸಿ, ಆರಿಸಿ, ಅಂಗೈಯಲ್ಲಿ ತೆಳ್ಳಗೆ ತಟ್ಟಿ ನಾಣ್ಯದಗಲ ಮಾಡಿಕೊಂಡೆ. ಅರ್ಧ ಸೌಟು ಹಿಟ್ಟು, ಅದರ ಮೇಲೆ ಹಲಸಿನ ಬಿಲ್ಲೆ, ಅದರ ಮೇಲೆ ಮತ್ತೆ ಅರ್ಧ ಸೌಟು. ಸಣ್ಣ ಉರಿಯಲ್ಲಿ ಮುಚ್ಚಳ ಮುಚ್ಚಿ ಸುಮ್ಮನಿರಬೇಕು. ಸುಮ್ಮನಿರುವುದೇ ಕಷ್ಟ. ಗಡಿಯಾರ ನೋಡುತ್ತ ನಿಂತರೆ ಅರ್ಧ ನಿಮಿಷಕ್ಕೇ ಕೈ ಮುಚ್ಚಳ ಎತ್ತುತ್ತಿತ್ತು, ಅಂಚನ್ನು ಕೆದಕುತ್ತಿತ್ತು, ಮೇಲಿನಿಂದ ತಟ್ಟುತ್ತಿತ್ತು.

ಒಂದು ಸಲ ಸಿಟ್ಟು ಬಂದು, ಹಿಟ್ಟು ಬಿಟ್ಟವಳೇ ಸೌಟನ್ನು ಕಟ್ಟೆಯ ಮೇಲೆ ಕುಕ್ಕಿ ಕಿಟಕಿಗೆ ಹೋಗಿ ನಿಂತೆ. ಏನಾದರೂ ಆಗಲಿ ಎಂದು ಸರಳು ಹಿಡಿದುಕೊಂಡೆ. ಅಂಗಳದಲ್ಲಿ ಕಾಯಿ ಸುಲಿಯುವ ಅಣ್ಣ ಕೆಲಸದಲ್ಲಿದ್ದ. ಅವನು ಹುಳಿಯಾರು ಕಡೆಯ ಹಟ್ಟಿಯವನು, ಅರವತ್ತರ ಹತ್ತಿರದ ವಯಸ್ಸು, ಮೊದಲು ಕುರಿ ಕಾಯುತ್ತಿದ್ದ. ವರ್ಷದಿಂದ ಅಟ್ಟದ ಮೇಲೆ ಒಣಗಿದ ಕಾಯಿಗಳನ್ನು ಇಳಿಸಿ, ನೆಲಕ್ಕೆ ನೆಟ್ಟ ಹಾರೆಯ ತುದಿಗೆ ಚುಚ್ಚಿ ಸಿಪ್ಪೆ ತೆಗೆಯುವುದು ಅವನ ಕೆಲಸ. ಚಕ್, ಚಕ್, ಚರ್ರ್. ಸಿಪ್ಪೆ ಒಂದು ಕಡೆ, ಕಾಯಿ ಇನ್ನೊಂದು ಕಡೆಯ ರಾಶಿಗೆ, ಧೊಪ್. ಮತ್ತೆ ಚಕ್, ಚಕ್, ಚರ್ರ್, ಧೊಪ್. ಹೆಚ್ಚಿಲ್ಲ, ಕಡಿಮೆಯಿಲ್ಲ, ಉಸಿರಾಟದ ಹಾಗೆ. ಒಣ ಕಾಯಿ ರಾಶಿಗೆ ಬೀಳುವಾಗ ಒಳಗಿನ ಕೊಬ್ಬರಿ ಚಿಪ್ಪಿಗೆ ಬಡಿದು ಗಟಗಟ ಅನ್ನುತ್ತಿತ್ತು. ಬಿಸಿಲಿನ ಪಟ್ಟೆಯೊಂದು ಅವನ ಬೆನ್ನ ಮೇಲಿಂದ ರಾಶಿಯ ಮೇಲೆ ಜಾರಿ ಮತ್ತೆ ಬೆನ್ನಿಗೆ ಏರುತ್ತಿತ್ತು. ನನಗೆ ಗೊತ್ತಿಲ್ಲದೆಯೇ ಎಣಿಸುತ್ತಿದ್ದೆ. ಹನ್ನೆರಡಾದಾಗ ಹಿಂದಿನಿಂದ ಬೆಂದ ವಾಸನೆ ಬಂತು. ಓಡಿ ಹೋಗಿ ಮುಚ್ಚಳ ತೆಗೆದೆ.

ಫೋಟೊದಲ್ಲಿದ್ದದ್ದು ಕಾವಲಿಯ ಮೇಲಿತ್ತು. ಮೇಲೆಲ್ಲ ಕಣ್ಣು ಬಿಟ್ಟುಕೊಂಡು, ಒಂದು ಬೆರಳು ಎತ್ತರಕ್ಕೆ ಅರಳಿತ್ತು. ಮೊಗಚಿ ಹಾಕಿ ಮತ್ತೆ ಕಿಟಕಿಗೆ ಹೋದೆ. ಎರಡನೇ ಮಗ್ಗುಲಿಗೆ ಆರು ಕಾಯಿ ಸಾಕಾಯಿತು.

ಹದಿನಾಲ್ಕು ವರ್ಷ ಯಾವುದಕ್ಕೆ ಬೈಸಿಕೊಂಡಿದ್ದೆನೋ ಅದೇ ಇಲ್ಲಿ ಕೆಲಸಕ್ಕೆ ಬಂತು. ಹಿಟ್ಟು ಬಿಟ್ಟು ಎದ್ದುಹೋಗುವುದು, ಬೇರೆ ಕಡೆ ನೋಡುವುದು, ಕಾವಲಿಯನ್ನು ಮರೆಯುವುದು. ಶನಿವಾರ ಇಪ್ಪತ್ತು ಮಾಡಿದೆ, ಒಂದೂ ಕೆಡಲಿಲ್ಲ. ಅಣ್ಣ ಸುಲಿಯುತ್ತಿದ್ದ, ನಾನು ಎಣಿಸುತ್ತಿದ್ದೆ. ಅವನಿಗೆ ಮಾತ್ರ ಇದನ್ನು ಹೇಳಲಿಲ್ಲ. ಯಾರಿಗೂ ಹೇಳಲಿಲ್ಲ. ಕಾಯಿ ಎಣಿಸಿ ಅಡುಗೆ ಮಾಡುತ್ತೇನೆಂದರೆ ನಗುತ್ತಾರೆ ಎಂಬ ಸಂಕೋಚ.

ಭಾನುವಾರ ಮೊದಲ ಬಸ್ಸಿಗೇ ಬಂದೆ. ಹಿಂದಿನ ಸಂಜೆ ಕಲೆಸಿಟ್ಟ ಹಿಟ್ಟು ಎರಡು ಪಾತ್ರೆ ತುಂಬ ಏರಿತ್ತು. ಪಾಕ ತಣ್ಣಗೆ ಹೊಳೆಯುತ್ತಿತ್ತು. ಹಲಸಿನ ಬಿಲ್ಲೆಗಳನ್ನು ಬಾಳೆಲೆಯ ಮೇಲೆ ಸಾಲಾಗಿ ಜೋಡಿಸಿದ್ದೆ. ಅತಿಥಿಗಳು ಒಂದೇ ಮನೆಯ ಮೂರು ತಲೆಮಾರಿನ ಹನ್ನೊಂದು ಜನ. ಅಜ್ಜಿಯೊಬ್ಬರು ಎಲ್ಲರಿಗಿಂತ ಗಟ್ಟಿಯಾಗಿ ಮಾತಾಡುತ್ತಿದ್ದರು. ದೊಡ್ಡ ಕಾವಲಿಯಲ್ಲಿ ಒಮ್ಮೆಗೆ ಐದು. ಮೊದಲ ಸುತ್ತು ಸರಿಯಾಗಿ ಬಂತು, ಎರಡನೆಯದೂ ಬಂತು. ಯಜಮಾನಿ ಎರಡು ಸಲ ತಟ್ಟೆ ಒಯ್ದರು. ಪಡಸಾಲೆಯಿಂದ "ಅಯ್ಯೋ, ಒಳಗೆ ಹಲಸಿನ ಹಣ್ಣು!" ಎಂಬ ಅಜ್ಜಿಯ ದನಿ ಕೇಳಿತು.

ಮೂರನೇ ಸುತ್ತಿನ ಹಿಟ್ಟು ಬಿಟ್ಟು ಕಿಟಕಿಗೆ ಹೋದೆ. ಬೆಳಕು ಎಷ್ಟು ಚೆನ್ನಾಗಿತ್ತೆಂದರೆ, ಇದು ನನ್ನದಾಗಿಯೇ ಉಳಿಯುತ್ತದೆ ಎಂಬ ಖುಷಿಯಲ್ಲಿ ನಾನು ಪೂರ್ತಿ ಕಳೆದುಹೋಗಿದ್ದೆ. ಒಂದು, ಎರಡು, ಮೂರು. ಅತಿಥಿಗಳಲ್ಲಿ ಕೆಲವರು ಅಂಗಳಕ್ಕೆ ಬಂದು ಅಣ್ಣನ ಸುತ್ತ ನಿಂತದ್ದು ಕಣ್ಣಿಗೆ ಕಾಣುತ್ತಿತ್ತು. ನಾಲ್ಕು. ಅವರ ಬಣ್ಣ ಬಣ್ಣದ ಬಟ್ಟೆಯ ಮೇಲೆ ಗರಿಯ ನೆರಳು ಆಡುವುದೂ ಕಾಣುತ್ತಿತ್ತು. ಅಣ್ಣ ಕಾಯಿ ಎತ್ತಿ ಹಿಡಿದು, ಅಲುಗಿಸಿ, ಅಜ್ಜಿಯ ಕಿವಿಗೆ ಹಿಡಿದು ಒಳಗಿನ ಗಟಗಟ ಸದ್ದು ಕೇಳಿಸಿದ. ಐದು. ಫೋಟೊ ತೆಗೆಯುವವರಿಗೆ ಕಾಣಲೆಂದು ಕಾಯಿಯನ್ನು ಹಾರೆಗೆ ನಿಧಾನಕ್ಕೆ ಚುಚ್ಚಿ, ತಡೆದು, ನಕ್ಕು, ಆಮೇಲೆ ಸಿಪ್ಪೆ ತಿರುಚಿದ. ಆರು. ನಾನು ಎಣಿಸುತ್ತಲೇ ಇದ್ದೆ. ಅಣ್ಣನ ಕೈ ನಿಧಾನವಾದರೆ ಬೆಂಕಿ ನಿಧಾನವಾಗುವುದಿಲ್ಲ ಎಂಬುದು ನನ್ನ ತಲೆಗೆ ಹೊಳೆಯಲೇ ಇಲ್ಲ.

"ಒಲೆ ಮೇಲೆ ಹತ್ಕೊಂಡು ಉರೀತೈತೆ, ನೀನು ಕಿಟಕೀಲಿ ನಿಂತ್ಕೊಂಡು ಏನು ನೋಡ್ತಿದ್ದೀಯೇ?"

ಯಜಮಾನಿ ಬಾಗಿಲಲ್ಲಿ ಖಾಲಿ ತಟ್ಟೆ ಹಿಡಿದು ನಿಂತಿದ್ದರು. ಅಡುಗೆಮನೆ ತುಂಬ ಹೊಗೆ. ಮುಚ್ಚಳ ತೆಗೆದರೆ ಐದೂ ತಳದಲ್ಲಿ ಇದ್ದಿಲು. ನಾನು ಕಾವಲಿ ಉಜ್ಜಿ, ಮತ್ತೆ ಐದು ಬಿಟ್ಟೆ. ಅವರು ಅಲ್ಲೇ ನಿಂತಿದ್ದರು. ಅವರ ಮುಂದೆ ಕಿಟಕಿಗೆ ಹೋಗುವ ಧೈರ್ಯ ಎಲ್ಲಿಂದ ಬರಬೇಕು? ಕಾವಲಿಯ ಮುಂದೆಯೇ ನಿಂತೆ. ಅರ್ಧ ನಿಮಿಷವಾಗಿರಲಿಕ್ಕಿಲ್ಲ, ಕೈ ಮುಚ್ಚಳ ಎತ್ತಿತು. ಬೆಂದಿದೆಯೇ ಎಂದು ತಟ್ಟಿತು. ಐದೂ ಕುಸಿದು, ನಡುವಿನ ಹಲಸು ಹೊರಗೆ ಬಂತು.

ಇನ್ನು ನಾಲ್ಕು ಸುತ್ತಿಗಾಗುವಷ್ಟು ಹಿಟ್ಟಿತ್ತು. ಹೊರಗೆ ಹನ್ನೊಂದು ಜನಕ್ಕೆ ಒಂದೊಂದೂ ಪೂರ್ತಿ ಸಿಕ್ಕಿರಲಿಲ್ಲ. ಯಜಮಾನಿಯ ಮುಖದಲ್ಲಿ ಸಿಟ್ಟಿರಲಿಲ್ಲ, ಅದಕ್ಕಿಂತ ಕೆಟ್ಟದ್ದಿತ್ತು. ಅಕ್ಕನ ಮಗ ಹೇಳಿದ್ದು ಸರಿ ಎಂದು ಅವರಿಗೆ ಅನಿಸತೊಡಗಿತ್ತು. ಒಲೆಯ ಹಿಂದೆ ನನಗೆ ಆ ಕಪ್ಪು ಗೋಡೆ ಕಾಣಿಸಿತು. ಸಂಕೋಚಪಡಲು ಉಳಿದದ್ದಾದರೂ ಏನು?

"ಅಕ್ಕೋರೆ, ನಿಜ ಹೇಳಿಬುಡ್ತೀನಿ, ನಗಬ್ಯಾಡಿ," ಎಂದೆ. "ನಾನು ಅಣ್ಣನ ಕಾಯಿ ಎಣಿಸಿ ಬೇಯಿಸ್ತೀನಿ. ಹನ್ನೆರಡು ಕಾಯಿ ಒಂದು ಮಗ್ಗುಲಿಗೆ, ಆರು ಇನ್ನೊಂದಕ್ಕೆ. ಇಲ್ಲಿ ನಿಂತ್ರೆ ನನ್ನ ಕೈ ಸುಮ್ಕಿರಕ್ಕಿಲ್ಲ. ಅಣ್ಣ ಅವ್ರಿಗೆ ತೋರಿಸ್ತಾ ನಿಧಾನ ಮಾಡಿದ, ನನ್ನ ಲೆಕ್ಕ ತಪ್ಪೋಯ್ತು."

ಅವರು ನನ್ನನ್ನೇ ನೋಡಿದರು. "ಕಾಯಿ ಎಣಿಸ್ತೀಯಾ?"

"ಹೂಂ."

ಅವರ ಅಪ್ಪಣೆಗೂ ಕಾಯದೆ ನಾನು ಕಿಟಕಿಗೆ ಹೋಗಿ ಸರಳಿಗೆ ಬಾಯಿಟ್ಟು ಕೂಗಿದೆ. "ಅಣ್ಣಾ! ತೋರಿಸಿದ್ದು ಸಾಕು ಕಣಣ್ಣ. ನೀನು ದಿನಾ ಹೆಂಗೆ ಸುಲೀತೀಯೋ ಹಂಗೇ ಸುಲಿ. ನಿನ್ನ ಕೈ ನೋಡ್ಕೊಂಡು ನಾನಿಲ್ಲಿ ಬೇಯಿಸ್ತಿದ್ದೀನಿ!"

ಅಣ್ಣ ಕೈಯಲ್ಲಿದ್ದ ಕಾಯಿಯನ್ನು ನೋಡಿದ, ಕಿಟಕಿಯನ್ನು ನೋಡಿದ. "ಏನಂದೆ ತಂಗ್ಯವ್ವ?"

"ಹನ್ನೆರಡು ಕಾಯಿಗೆ ಒಂದು ಮಗ್ಗುಲು ಬೇಯ್ತದೆ ಕಣಣ್ಣ. ನೀನು ನಿಧಾನ ಮಾಡಿದ್ರೆ ಸೀದೋಯ್ತದೆ."

ಅವನು ಜೋರಾಗಿ ನಗುತ್ತಾನೆ ಎಂದುಕೊಂಡಿದ್ದೆ. ನಗಲಿಲ್ಲ. ಟವಲಿನಿಂದ ಮುಖ ಒರೆಸಿಕೊಂಡ. "ಆಯಸ್ಸೆಲ್ಲ ಕುರಿ ಎಣಿಸ್ದೆ, ಕಾಯಿ ಎಣಿಸ್ದೆ. ನನ್ನ ಕೈನ ಯಾರೂ ಎಣಿಸಿರ್ನಿಲ್ಲ," ಎಂದ. ಆಮೇಲೆ ಅತಿಥಿಗಳ ಕಡೆ ತಿರುಗಿ, "ವಸಿ ಹಿಂದಕ್ಕೆ ನಿಂತ್ಕಳ್ರಪ್ಪ, ಒಳಗೆ ಅಡುಗೆ ಆಯ್ತೈತೆ," ಎಂದು ಹಾರೆಯ ಮುಂದೆ ಕಾಲೂರಿ ನಿಂತ.

ನಾನು ಐದು ಬಿಟ್ಟು, ಮುಚ್ಚಳ ಮುಚ್ಚಿ, ಕಿಟಕಿಗೆ ಬಂದೆ. ಚಕ್, ಚಕ್, ಚರ್ರ್, ಧೊಪ್. "ಒಂದು," ಎಂದರು ಅಜ್ಜಿ, ಗಟ್ಟಿಯಾಗಿ. ಧೊಪ್. "ಎರಡು," ಎಂದರು ಇನ್ನಿಬ್ಬರು ಸೇರಿ. ನಾಲ್ಕಕ್ಕೆ ಮನೆಮಂದಿಯೆಲ್ಲ ಎಣಿಸುತ್ತಿದ್ದರು. ಅಣ್ಣ ಅವರ ಕಡೆ ನೋಡಲೇ ಇಲ್ಲ, ಒಂದು ಕಾಯಿಯಷ್ಟೂ ವೇಗ ಬದಲಿಸಲಿಲ್ಲ. ಬಿಸಿಲಿನ ಪಟ್ಟೆ ಅವನ ಬೆನ್ನ ಮೇಲೆ ಹೋಗಿ ಬರುತ್ತಿತ್ತು. "ಹನ್ನೆರಡು!" ಎಂದು ಅಂಗಳವೇ ಕೂಗಿತು, ನಾನು ಮೊಗಚಿದೆ. ಐದೂ ಉಬ್ಬಿ, ಹೊಂಬಣ್ಣ ತಿರುಗಿ, ಒಂದಕ್ಕೊಂದು ತಾಗದೆ ಕೂತಿದ್ದವು. ಆರಕ್ಕೆ ಇಳಿಸಿದೆ. ನಾಲ್ಕೂ ಸುತ್ತು ಹಾಗೇ ಆಯಿತು. ತಾವು ಎಣಿಸಿದ್ದನ್ನು ತಾವೇ ತಿಂದವರು ಪಾಕವನ್ನು ಬೆರಳಿನಿಂದ ಬಳಿದು ತಟ್ಟೆ ಖಾಲಿ ಮಾಡಿದರು. ಅಣ್ಣನಿಗೂ ಒಂದು ತಟ್ಟೆ ಹೋಯಿತು. ಅವನು ಒಂದನ್ನು ಮುರಿದು ಒಳಗೆ ಇಣುಕಿ ನೋಡಿ, "ಇದ್ಕಾ ಹನ್ನೆರಡು ಕಾಯಿ?" ಎಂದು ಕೇಳಿದನಂತೆ.

ಅತಿಥಿಗಳು ಹೋದದ್ದು ಮಧ್ಯಾಹ್ನ ಮೂರರ ಸುಮಾರಿಗೆ. ನಾನು ಪಾತ್ರೆ ತೊಳೆದು, ಕಟ್ಟೆ ಒರೆಸಿ, ಚೀಲಕ್ಕೆ ನನ್ನ ಸಾಮಾನು ಹಾಕಿಕೊಳ್ಳುವುದೋ ಬೇಡವೋ ಎಂದು ನಿಂತಿದ್ದೆ. ಹತ್ತು ಪ್ಯಾನ್‌ಕೇಕ್ ಹಾಳು ಮಾಡಿದ್ದೆ, ಅತಿಥಿಗಳ ಮುಂದೆ ಕಿರುಚಿದ್ದೆ. ನಾನು ಇರಬೇಕೋ ಹೋಗಬೇಕೋ ಎಂದು ಯಜಮಾನಿ ಇನ್ನೂ ಹೇಳಿರಲಿಲ್ಲ. ಈಗ ಒಳಗೆ ಬಂದವರು ಪಾತ್ರೆಯ ತಳ ನೋಡಿದರು. "ಹಿಟ್ಟು ಉಳಿದೈತಾ?"

"ಒಂದಕ್ಕೆ ಆಗುತ್ತೆ ಅಕ್ಕೋರೆ."

"ಸೌಟು ಕೊಡು ಇಲ್ಲಿ."

ಸೆರಗು ಸಿಕ್ಕಿಸಿ ಅವರೇ ಹಿಟ್ಟು ಬಿಟ್ಟರು. ಹಲಸು ಇಟ್ಟರು, ಮೇಲೆ ಮತ್ತೆ ಬಿಟ್ಟರು, ಮುಚ್ಚಿದರು. ಆಮೇಲೆ ಮೂರು ಹೆಜ್ಜೆ ನಡೆದು ಕಿಟಕಿಯ ಮುಂದೆ ನಿಂತರು. ನಾನು ಪಕ್ಕಕ್ಕೆ ಸರಿದು ಜಾಗ ಕೊಟ್ಟೆ. ಬಿಸಿಲು ಆ ವೇಳೆಗೆ ಮನೆಯ ಹಿಂದಕ್ಕೆ ಹೋಗಿ ಅಂಗಳ ತಂಪಾಗಿತ್ತು. ಗದ್ದೆಯ ಮೇಲಿಂದ ಗಾಳಿ ಬರುತ್ತಿತ್ತು, ಗರಿಗಳು ಒಂದಕ್ಕೊಂದು ಉಜ್ಜಿ ಮಳೆ ಬಂದಂಥ ಸದ್ದು ಮಾಡುತ್ತಿದ್ದವು. ಅಣ್ಣ ಕೊನೆಯ ರಾಶಿಯಲ್ಲಿದ್ದ. ಇಬ್ಬರೂ ಮನಸ್ಸಿನಲ್ಲೇ ಎಣಿಸಿದೆವು.

"ಈ ಮನೆಗೆ ಬಂದು ಮೂವತ್ತು ವರ್ಷಾಯ್ತು. ಈ ಕಿಟಕೀಲಿ ಒಂದಿನ ನಿಂತಿರ್ನಿಲ್ಲ ಕಣೇ," ಎಂದರು ಅವರು, ಹೊರಗೇ ನೋಡುತ್ತ.

ಹನ್ನೆರಡಕ್ಕೆ ಹೋಗಿ ಮೊಗಚಿ ಬಂದರು. ಮತ್ತೆ ಸರಳು ಹಿಡಿದು ನಿಂತರು. ಅಷ್ಟರಲ್ಲಿ ಪಡಸಾಲೆಯಲ್ಲಿ ಅವರ ಫೋನು ಬಡಿದುಕೊಳ್ಳತೊಡಗಿತು. ಆ ಹೊತ್ತಿಗೆ ಮಾಡುವವನು ಅಕ್ಕನ ಮಗನೇ. ಮೈಸೂರಿನವನಿಗೆ ಏನು ಹೇಳಲಿ ಎಂದು ಕೇಳುವುದಕ್ಕೆ. ಫೋನು ತಂದುಕೊಡಲೆಂದು ತಿರುಗಿದೆ. ಯಜಮಾನಿ ಕಿಟಕಿಯಿಂದ ಕಣ್ಣು ತೆಗೆಯದೆಯೇ ನನ್ನ ಮೊಣಕೈ ಹಿಡಿದು ನಿಲ್ಲಿಸಿದರು.

"ಬ್ಯಾಡ ಅಂತ ಆಮೇಲೆ ಹೇಳ್ತೀನಿ, ಬಡ್ಕಳ್ಳಿ ಬುಡು," ಎಂದರು. "ಇನ್ನೂ ಆರು ಕಾಯಿ ಐತೆ."